ತಾರಿಹಾಳ ಮತ್ತು ಬೇಲೂರಿನ ನಡುವೆ ಒಂದು ಮನೆ: ಇಬ್ಬರೂ ದುಡಿಯುವ ಕುಟುಂಬವೊಂದರ ಪ್ರಕರಣ

ಪತಿ ಹುಬ್ಬಳ್ಳಿಯ ಅಂಚಿನಲ್ಲಿರುವ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕ. ಪತ್ನಿ ಧಾರವಾಡದಿಂದ ಬೆಳಗಾವಿಯತ್ತ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಉದ್ಯೋಗಿ. ಮನೆಯಲ್ಲಿ ಒಂದನೆಯ ತರಗತಿಗೆ ಸೇರಬೇಕಾದ ಮಗಳಿದ್ದಾಳೆ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದ, ಪತಿಯ ತಾಯಿ ಇದ್ದಾರೆ. ಈ ನಾಲ್ವರಿಗೆ ಬಾಡಿಗೆ ಮನೆ ಎಲ್ಲಿರಬೇಕು ಎಂಬುದು ಪ್ರಶ್ನೆ. ಕುಟುಂಬ ನನಗೆ ಹತ್ತಿರದಿಂದ ಪರಿಚಿತ. ಲೆಕ್ಕ ಹಾಕುವಾಗ ನಾನೂ ಅವರ ಜೊತೆ ಕುಳಿತಿದ್ದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಪ್ರಶ್ನೆ ಎದ್ದಾಗ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡೇ: ಗಂಡನ ಕೆಲಸದ ಹತ್ತಿರ ಇರೋಣ, ಹೆಂಡತಿ ಹೊಂದಿಸಿಕೊಂಡು ಹೋಗುತ್ತಾಳೆ ಎಂಬುದು ಒಂದು, ಇಬ್ಬರಿಗೂ ನಡುವೆ ನೋಡಿಬಿಡೋಣ ಎಂಬುದು ಇನ್ನೊಂದು. ಈ ಎರಡನ್ನೂ ಲೆಕ್ಕಕ್ಕೆ ಹಚ್ಚಿ ನೋಡಿದವರು ಕಡಿಮೆ.

ಹುಬ್ಬಳ್ಳಿ ಮತ್ತು ಧಾರವಾಡ, ಈ ಎರಡೂ ಊರುಗಳ ನಡುವೆ ಇರುವುದು ಸುಮಾರು 20 ಕಿ.ಮೀ. ಅಂತರ. ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಉದ್ದಕ್ಕೂ ಬಸ್ಸುಗಳಿಗೆಂದೇ ಮೀಸಲಾದ ಬಿ.ಆರ್.ಟಿ.ಎಸ್. ಪಥವಿದ್ದು, ಅದರಲ್ಲಿ ಓಡುವ ಚಿಗರಿ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಗೊಂಡವು. ಇವುಗಳಿಂದಾಗಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಹೋಗಿ ಬರುವುದು ದೊಡ್ಡ ಮಾತಲ್ಲ ಎಂಬ ಭಾವನೆ ಊರಲ್ಲಿ ಬೇರೂರಿದೆ. ಪಥದ ಮೇಲೆಯೇ ಮನೆ, ಪಥದ ಮೇಲೆಯೇ ಕಚೇರಿ ಇದ್ದವರಿಗೆ ಇದು ನಿಜವೂ ಹೌದು. ಈ ದಂಪತಿಯ ತೊಂದರೆ ಏನೆಂದರೆ, ಇಬ್ಬರ ಕೆಲಸದ ಜಾಗವೂ ಪಥದ ಮೇಲಿಲ್ಲ. ತಾರಿಹಾಳ ಒಂದು ತುದಿಯಿಂದ ಪಕ್ಕಕ್ಕೆ ಸರಿದಿದೆ. ಬೇಲೂರು ಇನ್ನೊಂದು ತುದಿಯನ್ನು ದಾಟಿ ಹೊರಗಿದೆ.

ಮೊದಲು ಅವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಅಕ್ಷಯ ಪಾರ್ಕ್ ಕಡೆ ಇದ್ದರು. ಪತ್ನಿ ಆಗ ವಿದ್ಯಾನಗರದ ಪ್ರಯೋಗಾಲಯವೊಂದರಲ್ಲಿ ದುಡಿಯುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಬೇಲೂರಿನಲ್ಲಿ ಹೆಚ್ಚು ಸಂಬಳದ, ಕಾಯಂ ಸ್ವರೂಪದ ಕೆಲಸ ಸಿಕ್ಕಿದ ಮೇಲೆ ಆಕೆಯ ಬೆಳಗು ಮೂರು ತುಂಡಾಯಿತು. ಮನೆಯಿಂದ ಹೊಸೂರು ನಿಲ್ದಾಣದವರೆಗೆ ಒಂದು, ಅಲ್ಲಿಂದ ಧಾರವಾಡದ ಜ್ಯುಬಿಲಿ ವೃತ್ತದವರೆಗೆ ಚಿಗರಿಯಲ್ಲಿ ಎರಡು, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ಮೂರು. ಕಂಪನಿ ಬಸ್ಸು ಎಂಟಕ್ಕೆ ಧಾರವಾಡದ ಟೋಲ್ ನಾಕಾದಿಂದ ಹೊರಟು ಎಂಟೂಕಾಲಿಗೆ ಜ್ಯುಬಿಲಿ ವೃತ್ತಕ್ಕೆ ಬರುತ್ತದೆ, ನಿಲ್ಲುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಹುಬ್ಬಳ್ಳಿಗೆ ಅದು ಬರುವುದಿಲ್ಲ.

ಇಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಸಂಗತಿಯಿತ್ತು. ಮನೆಯಿಂದ ಹೊಸೂರಿನವರೆಗಿನ ಮೊದಲ ತುಂಡನ್ನು ಪತಿ ಗಾಡಿಯಲ್ಲಿ ಬಿಟ್ಟುಬರುತ್ತಿದ್ದರು, ಆದರೆ ಅವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಎರಡನೆಯ ಪಾಳಿಯ ವಾರ ಬೆಳಿಗ್ಗೆ ಅವರು ಮನೆಯಲ್ಲಿರುತ್ತಾರೆ, ಬಿಡಬಲ್ಲರು. ಮೊದಲ ಪಾಳಿಯ ವಾರ ನಸುಕಿನಲ್ಲೇ ಹೊರಟಿರುತ್ತಾರೆ. ಆಗ ಆಟೋ ಹುಡುಕಬೇಕು. ಹೀಗೆ ಆಕೆ ಎಷ್ಟು ಹೊತ್ತಿಗೆ ಏಳಬೇಕು, ಅಡುಗೆ ಎಷ್ಟಕ್ಕೆ ಮುಗಿಯಬೇಕು ಎಂಬುದೆಲ್ಲ ಆತನ ಪಾಳಿಯ ಪಟ್ಟಿಯ ಮೇಲೆ ನಿಂತಿತ್ತು. ತನ್ನ ಕೆಲಸಕ್ಕೆ ತಾನು ಹೋಗುವುದೇ ಇನ್ನೊಬ್ಬರ ವೇಳಾಪಟ್ಟಿಗೆ ಅಡಿಯಾಗಿರುವುದು ನಿಜಕ್ಕೂ ದಣಿಸುವ ಸಂಗತಿ, ಮತ್ತು ಇದನ್ನು ಆಕೆ ಯಾರ ಹತ್ತಿರವೂ ದೂರಿರಲಿಲ್ಲ. ಲೆಕ್ಕಕ್ಕೆ ಕುಳಿತ ದಿನವೇ ಇದು ಪತಿಗೂ ಸ್ಪಷ್ಟವಾದದ್ದು.

ನಡುವಿನ ಮನೆ

ಪತಿ ಮೊದಲು ಮುಂದಿಟ್ಟದ್ದು ನವನಗರವನ್ನು. ಎರಡೂ ಊರಿಗೆ ನಡುವೆ ಎನ್ನಬಹುದಾದ ಬಡಾವಣೆ, ಬಿ.ಆರ್.ಟಿ.ಎಸ್. ನಿಲ್ದಾಣವಿದೆ, ಮರಗಳಿವೆ, ವಿದ್ಯಾನಗರಕ್ಕೆ ಹೋಲಿಸಿದರೆ ಬಾಡಿಗೆಯೂ ಹಗುರ. ಇಬ್ಬರಿಗೂ ಸಮ ಎಂಬ ಮಾತಿನಲ್ಲಿ ಒಂದು ನ್ಯಾಯವೂ ಕಾಣುತ್ತದೆ. ಹಾಗಾಗಿ ಒಂದು ಕಡೆಯ ಪಯಣಕ್ಕೆ ಮನೆಯ ಬಾಗಿಲಿನಿಂದ ಕೆಲಸದ ಗೇಟಿನವರೆಗೆ ಹಿಡಿಯುವ ಒಟ್ಟು ಸಮಯವನ್ನು, ಕಾಯುವ ಹೊತ್ತನ್ನೂ ಸೇರಿಸಿ, ಬರೆದೆವು. ಗೋಕುಲ ರಸ್ತೆಯ ಮನೆಯಿಂದ ಪತಿಗೆ 15 ನಿಮಿಷ, ಪತ್ನಿಗೆ 100 ನಿಮಿಷ, ಕೂಡಿದರೆ 115. ನವನಗರದಿಂದ ಪತಿಗೆ 35, ಪತ್ನಿಗೆ 70, ಕೂಡಿದರೆ 105. ಇದೇ ಲೆಕ್ಕವನ್ನು ಧಾರವಾಡದ ಟೋಲ್ ನಾಕಾ ಸುತ್ತಿನ ಮನೆಗೆ ಹಾಕಿದಾಗ ಪತಿಗೆ 60, ಪತ್ನಿಗೆ 45 ಬಂತು. ಕೂಡಿದರೆ ಅದೂ 105.

ನಕ್ಷೆಯ ಮೇಲೆ ನಡುವೆ ಇರುವ ನವನಗರವು ಸಮಯದ ಲೆಕ್ಕದಲ್ಲಿ ನಡುವೆ ಇಲ್ಲ ಎಂಬುದನ್ನು ಈ ಅಂಕಿಗಳು ತೋರಿಸಿದವು. ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಅರ್ಧ ದೂರ ಎಂದರೆ ಹೆಚ್ಚುಕಡಿಮೆ ಅರ್ಧ ಸಮಯ. ಬಸ್ಸು ಬದಲಿಸುವವರಿಗೆ ಹಾಗಲ್ಲ. ದೂರ ಅರ್ಧವಾದರೂ ನಿಲ್ದಾಣದವರೆಗಿನ ನಡಿಗೆ, ರಸ್ತೆಯ ನಡುವಿನ ನಿಲ್ದಾಣಕ್ಕೆ ದಾಟಲು ಕಾಯುವುದು, ಬಸ್ಸಿಗೆ ಕಾಯುವುದು, ಮುಂದಿನ ಬಸ್ಸು ತಪ್ಪದಿರಲೆಂದು ಹತ್ತು ನಿಮಿಷ ಮುಂಚೆಯೇ ತಲುಪಿ ನಿಲ್ಲುವುದು, ಇವು ಯಾವುವೂ ಅರ್ಧವಾಗುವುದಿಲ್ಲ.

ಆದರೂ ಒಟ್ಟು ಮೊತ್ತ ಎರಡಕ್ಕೂ ಒಂದೇ ಆಗಿದ್ದರಿಂದ ನಿಮಿಷಗಳ ಲೆಕ್ಕ ಅಲ್ಲಿಗೇ ನಿಂತಿತು. ಮುಂದಕ್ಕೆ ದಾರಿ ತೋರಿಸಿದ್ದು ಬೇರೆ ಪ್ರಶ್ನೆ: ಮನೆಯಿಂದ ಹೊರಡುವಾಗ ಐದು ನಿಮಿಷ ತಡವಾದರೆ ಯಾರು ಎಷ್ಟು ತೆರಬೇಕಾಗುತ್ತದೆ?

ಪತಿಗೆ ಐದು ನಿಮಿಷದ ತಡ ಐದು ನಿಮಿಷವಾಗಿಯೇ ಉಳಿಯುತ್ತದೆ. ಗಾಡಿ ಅವರದು, ದಾರಿ ಅವರದು. ಪತ್ನಿಗೆ ಅದೇ ಐದು ನಿಮಿಷದಲ್ಲಿ ಚಿಗರಿ ಕೈತಪ್ಪುತ್ತದೆ, ಚಿಗರಿ ತಪ್ಪಿದ್ದರಿಂದ ಕಂಪನಿ ಬಸ್ಸು ತಪ್ಪುತ್ತದೆ. ಅದು ತಪ್ಪಿದ ಮೇಲೆ ಬೆಳಗಾವಿ ಕಡೆಯ ಸಾಮಾನ್ಯ ಬಸ್ಸು ಹಿಡಿದು, ಹೆದ್ದಾರಿಯಲ್ಲಿ ಇಳಿದು, ಬಿಸಿಲಿನಲ್ಲಿ ಒಳಗೆ ನಡೆದು ಹೋಗಬೇಕು. ಆ ಬಸ್ಸಿನಲ್ಲಿ ಶಕ್ತಿ ಯೋಜನೆಯಂತೆ ಟಿಕೆಟ್ ದುಡ್ಡು ಉಳಿಯುತ್ತದೆ ನಿಜ, ಆದರೆ ಗೇಟಿಗೆ ತಲುಪುವ ಹೊತ್ತಿಗೆ ಒಂದು ತಾಸು ಕಳೆದು ಅರ್ಧ ದಿನದ ರಜೆ ಬಿದ್ದಿರುತ್ತದೆ. ಮಗುವಿಗೆ ಜ್ವರ ಬಂದ ಬೆಳಿಗ್ಗೆ, ಗ್ಯಾಸ್ ಮುಗಿದ ಬೆಳಿಗ್ಗೆ, ಅತ್ತೆಗೆ ಮಾತ್ರೆ ಹುಡುಕಿಕೊಡುವ ಬೆಳಿಗ್ಗೆ ಐದು ನಿಮಿಷ ತಡವಾಗುವುದು ಸಹಜ. ಆ ಸಹಜವಾದ ತಡಕ್ಕೆ ಒಬ್ಬರು ಐದು ನಿಮಿಷ, ಇನ್ನೊಬ್ಬರು ಅರ್ಧ ದಿನದ ಸಂಬಳ ತೆರುವ ಮನೆಯನ್ನು ಸಮ ದೂರದ ಮನೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಇದನ್ನು ಹೀಗೆ ನೋಡಿದಾಗ ಮನೆ ಹುಡುಕುವ ಜಾಗವೇ ಬದಲಾಯಿತು. ದೂರ ಕಡಿಮೆ ಮಾಡುವುದಕ್ಕಿಂತ ಬಸ್ಸು ಬದಲಿಸುವುದನ್ನು ಕಡಿಮೆ ಮಾಡುವುದು ಮುಖ್ಯವಾಯಿತು. ಕಂಪನಿ ಬಸ್ಸು ನಿಲ್ಲುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದರೆ ಆಕೆಗೆ ಆಟೋ, ಚಿಗರಿ, ಕಾಯುವಿಕೆ ಎಲ್ಲವೂ ಒಮ್ಮೆಗೇ ತಪ್ಪುತ್ತವೆ. ಖರ್ಚಿನ ಲೆಕ್ಕವೂ ಅದೇ ಕಡೆ ವಾಲಿತು: ಚಿಗರಿ ಎ.ಸಿ. ಬಸ್ಸಾದ್ದರಿಂದ ಅದಕ್ಕೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ, ದಿನವೂ ಎರಡು ಕಡೆಯ ಟಿಕೆಟ್ ಬೇಕು. ಕಂಪನಿ ಬಸ್ಸಿಗೆ ಆಕೆ ಏನೂ ಕೊಡಬೇಕಾಗಿಲ್ಲ.

ಬೈಪಾಸಿನ ಆಸೆ

ಟೋಲ್ ನಾಕಾ ಕಡೆ ಮನೆ ಎಂದಾಗ ಪತಿ ಒಂದು ಸಲಹೆ ತಂದರು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಊರಿನ ಎಷ್ಟೋ ಜನ ಇದೇ ದಾರಿಯನ್ನು ಆರಿಸಿಕೊಳ್ಳುತ್ತಾರೆ. ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ಆಚೆಯ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಉದ್ದದ ಬೈಪಾಸ್ ಇದೆ. ತಾರಿಹಾಳ ಅದರ ಮಗ್ಗುಲಲ್ಲಿದೆ, ಬೇಲೂರು ಅದು ಮುಗಿಯುವ ಕಡೆಯಿಂದ ಸ್ವಲ್ಪ ಮುಂದಿದೆ. ಊರೊಳಗಿನ ಸಿಗ್ನಲ್ಲುಗಳಿಲ್ಲ, ಬಿ.ಆರ್.ಟಿ.ಎಸ್. ಪಥದ ಪಕ್ಕದ ಇಕ್ಕಟ್ಟಿಲ್ಲ. ಹಳೆಯ ಕಾರೊಂದನ್ನು ಕೊಂಡು ಅಥವಾ ತಮ್ಮ ಗಾಡಿಯಲ್ಲೇ ಬೈಪಾಸಿನಲ್ಲಿ ಹೋಗಿಬಂದರೆ ಆಯಿತಲ್ಲ ಎಂಬುದು ಅವರ ಯೋಚನೆ.

ನಾನು ಇದನ್ನು ಖಂಡಿತವಾಗಿ ವಿರೋಧಿಸಿದೆ. ನಾಲ್ಕು ಮತ್ತು ಆರು ಪಥಗಳಲ್ಲಿ ಬರುವ ಹೆದ್ದಾರಿಯ ಸಂಚಾರವೆಲ್ಲ ಎರಡೇ ಪಥಕ್ಕೆ ಇಳಿದು, ಎದುರುಬದುರಾಗಿ ಓಡುವ ದಾರಿಯಾಗಿ ಇದು ವರ್ಷಗಟ್ಟಲೆ ಉಳಿದಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯಿಂದ ಹೊರಟಿದ್ದ ಮಹಿಳೆಯರ ಟೆಂಪೊ ಟ್ರಾವೆಲರ್ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ತಾರಿಹಾಳದ ಬಳಿಯೇ ಬಸ್ಸು ಮತ್ತು ಲಾರಿ ನಡುವೆ ರಾತ್ರಿ ಹೊತ್ತು ಡಿಕ್ಕಿಯಾಗಿ ಮತ್ತೆ ಹಲವರು ಪ್ರಾಣ ಕಳೆದುಕೊಂಡರು. ಅಗಲಗೊಳಿಸುವ ಕಾಮಗಾರಿ ಕೈಗೆತ್ತಿಕೊಂಡ ಮೇಲೂ, ಕೆಲಸ ನಡೆಯುತ್ತಿರುವ ಹೆದ್ದಾರಿಯಲ್ಲಿ ಎರಡನೆಯ ಪಾಳಿ ಮುಗಿಸಿ ರಾತ್ರಿ ಹತ್ತರ ಮೇಲೆ ದ್ವಿಚಕ್ರ ವಾಹನದಲ್ಲಿ ಬರುವುದು, ಉಳಿಸುವ ಹತ್ತು ನಿಮಿಷಕ್ಕೆ ಹೋಲಿಸಿದರೆ ತೀರ ದುಬಾರಿ. ಕಾರಿನ ಮಾತು ತಾನಾಗಿಯೇ ಬಿದ್ದುಹೋಯಿತು. ಮೂರು ಪಾಳಿಯಲ್ಲಿ ಎರಡರಲ್ಲಿ ಗಂಡ ಹೆಂಡತಿಯ ಹೊರಡುವ ಹೊತ್ತು ಕೂಡುವುದೇ ಇಲ್ಲ.

ರೈಲನ್ನೂ ನೋಡಿದೆವು. ಎರಡೂ ಊರಿನ ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳಿವೆ. ಆದರೆ ಯಾರ ಪಾಳಿಗೂ ಹೊಂದುವ ರೈಲು ಸಿಗಲಿಲ್ಲ.

ಮನೆ ನೋಡುವ ಬಗೆ

ಮನೆಗಳನ್ನು ಅವರು ಮೊದಲು ಭಾನುವಾರಗಳಂದು ನೋಡುತ್ತಿದ್ದರು. ಭಾನುವಾರ ಪಿ.ಬಿ. ರಸ್ತೆ ಖಾಲಿ, ಮನೆಯ ಮಾಲೀಕರಿಗೂ ಪುರುಸೊತ್ತು, ಎಲ್ಲವೂ ಹತ್ತಿರವೆನಿಸುತ್ತದೆ. ಕೆಲಸದ ದಿನದ ಬೆಳಿಗ್ಗೆ ಅದೇ ಓಣಿಯಿಂದ ಹೊರಟು ಬಸ್ಸು ನಿಲ್ಲುವ ಜಾಗಕ್ಕೆ ನಡೆದು ನೋಡಿ ಎಂದು ಹೇಳಿದ ಮೇಲೆ ಸತ್ತೂರಿನ ಒಂದು ಮನೆ ಪಟ್ಟಿಯಿಂದ ಹೊರಬಿತ್ತು. ಹೊಸ ಅಪಾರ್ಟ್‌ಮೆಂಟ್, ಲಿಫ್ಟ್ ಇದೆ, ಪತಿಗೆ ದಾರಿಯೂ ಕಡಿಮೆ. ಆದರೆ ಕಂಪನಿ ಬಸ್ಸು ಅಲ್ಲಿಗೆ ಬರುವುದಿಲ್ಲ, ಮತ್ತೆ ಚಿಗರಿ ಹತ್ತಿ ಟೋಲ್ ನಾಕಾಕ್ಕೆ ಬರಬೇಕು. ಕಳೆದುಕೊಳ್ಳಬೇಕೆಂದಿದ್ದ ತುಂಡು ಹಾಗೆಯೇ ಉಳಿಯುತ್ತದೆ.

ಇನ್ನು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮುಖ್ಯವಾಗಿ ಮಲಪ್ರಭೆಯಿಂದ, ಸವದತ್ತಿಯ ರೇಣುಕಾಸಾಗರದಿಂದ. ಕೆಲವು ವಾರ್ಡುಗಳು ಪ್ರಾಯೋಗಿಕ ಯೋಜನೆಯಡಿ 2008ರಿಂದಲೇ 24 ತಾಸು ನೀರು ಕಂಡಿವೆ. ಉಳಿದ ಬಹುಪಾಲು ಬಡಾವಣೆಗಳು ದಿನ ಎಣಿಸುತ್ತ ಕಾಯುವುದನ್ನೇ ರೂಢಿ ಮಾಡಿಕೊಂಡಿವೆ. ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವ ಮನೆಯಲ್ಲಿ ಇದು ಪಯಣದ ಪ್ರಶ್ನೆಯಷ್ಟೇ ದೊಡ್ಡದು, ಏಕೆಂದರೆ ನೀರು ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರಿರಬೇಕು, ಮೋಟಾರು ಹಚ್ಚಬೇಕು, ಟಾಕಿ ತುಂಬಿದ ಮೇಲೆ ಬಂದ್ ಮಾಡಬೇಕು. ಟೋಲ್ ನಾಕಾ ಹತ್ತಿರದ ವಿದ್ಯಾಗಿರಿಯಲ್ಲಿ ಒಂದು ಮನೆ ಎಲ್ಲ ರೀತಿಯಿಂದ ಒಪ್ಪಿಗೆಯಾಗಿತ್ತು. ಮಾಲೀಕರು “ನೀರಿಂದ ಏನೂ ತ್ರಾಸ ಇಲ್ರಿ” ಎಂದರು. ಪತ್ನಿ ಅಷ್ಟಕ್ಕೇ ಬಿಡದೆ ಪಕ್ಕದ ಮನೆಯ ಅಂಗಳದಲ್ಲಿ ಕೊಡ ತೊಳೆಯುತ್ತಿದ್ದವರನ್ನು ಕೇಳಿದರು. ಅವರು ಹೇಳಿದ್ದು ಬೇರೆ: “ವಾರಕ್ಕೊಮ್ಮೆ ಬರ್ತಾವ್ರಿ ಅಕ್ಕಾರ, ಬಂದ್ರ ನಸಿಕಿನ್ಯಾಗ ಬರ್ತಾವು. ಆ ಮನಿ ಟಾಕಿ ಸಣ್ಣದೈತಿ, ನಾಕ ಮಂದಿಗೆ ನಾಕ ದಿನ ಸೈತ ಸಾಲೂದಿಲ್ಲ.” ನೆಲದೊಳಗಿನ ಟಾಕಿಯ ಮುಚ್ಚಳ ತೆಗೆಸಿ ನೋಡಿದರು. ತಳದಲ್ಲಿ ಅರ್ಧ ಕೊಡದಷ್ಟು ನೀರು, ಗೋಡೆಯ ಮೇಲೆ ಸೊಂಟದೆತ್ತರಕ್ಕೂ ಬಾರದ ಕೆಸರಿನ ಗೆರೆ. ಕಳೆದ ಸಲ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಆ ಗೆರೆಯೇ ಹೇಳುತ್ತಿತ್ತು. ಆ ಮನೆ ಬಿಟ್ಟರು.

ಕೊನೆಗೆ ಸಿಕ್ಕ ಮನೆ ಅಲ್ಲಿಂದ ಎರಡು ಓಣಿ ಆಚೆ. ಕೆಳಗಿನ ಮನೆ, ದೊಡ್ಡ ಟಾಕಿ, ಟಾಕಿ ತುಂಬಿದರೆ ನೀರು ತಾನೇ ನಿಲ್ಲುವ ವಾಲ್ವ್, ಜೊತೆಗೆ ಬಳಕೆಗೆ ಕೊಳವೆಬಾವಿಯ ನೀರು. ತಿಂಗಳಿಗೆ 12,000 ರೂಪಾಯಿ. ನವನಗರದಲ್ಲಿ ನೋಡಿದ್ದಕ್ಕಿಂತ 2,000 ಹೆಚ್ಚು. ಕಂಪನಿ ಬಸ್ಸಿಗೆ ಐದು ನಿಮಿಷದ ನಡಿಗೆ, ಮಗಳ ಶಾಲೆಗೂ ಅಷ್ಟೇ. ಅಜ್ಜಿ ಕೇಳಿದ್ದು ಒಂದೇ: “ನನಗ ಮ್ಯಾಲಿನ ಮನಿ ಬ್ಯಾಡ. ಉಳಿದದ್ದು ಹುಡುಗಿ ಸಾಲಿ ನೋಡಿ ಮಾಡ್ರಿ.” ಗೋಕುಲ ರಸ್ತೆಯ ಭಜನೆಯ ಗೆಳತಿಯರನ್ನು ಬಿಟ್ಟುಬರುವುದು ಅವರಿಗೆ ಸುಲಭವಿರಲಿಲ್ಲ. ಈ ಇಡೀ ಲೆಕ್ಕದಲ್ಲಿ ಅಂಕಿಗೆ ಸಿಗದೆ ಉಳಿದದ್ದು ಅದು.

ಟೋಲ್ ನಾಕಾ ಎಂದಾಗ ಮಳೆಯ ಮಾತೂ ಬರಬೇಕು. ಜೋರು ಮಳೆ ಸುರಿದರೆ ಅಲ್ಲಿ ರಸ್ತೆಯ ಮೇಲೆ ನೀರು ನಿಲ್ಲುವುದು ಧಾರವಾಡದವರಿಗೆ ಹೊಸದಲ್ಲ. ಹಾಗಾಗಿ ಓಣಿಯ ಇಳಿಜಾರು ಯಾವ ಕಡೆ, ಹೋದ ಮಳೆಗಾಲದಲ್ಲಿ ಹೊಸ್ತಿಲವರೆಗೆ ನೀರು ಬಂದಿತ್ತೇ ಎಂಬುದನ್ನು ಅಕ್ಕಪಕ್ಕದವರಿಂದ ತಿಳಿದುಕೊಂಡೇ ಡಿಪಾಸಿಟ್ ಕೊಟ್ಟರು.

ಪತಿಯ ಪಾಲು

ಈ ಆಯ್ಕೆಯ ಭಾರ ಪತಿಯ ಮೇಲೆ ಬಿತ್ತು ಎಂಬುದನ್ನು ಮುಚ್ಚಿಡಬಾರದು. ಹದಿನೈದು ನಿಮಿಷದ ದಾರಿ ಒಂದು ತಾಸಾಯಿತು. ಆದ್ದರಿಂದ ಮನೆಗೆ ಮುಂಗಡ ಕೊಡುವ ಮೊದಲೇ ಎರಡು ಸಂಗತಿಗಳನ್ನು ಅವರು ಇತ್ಯರ್ಥ ಮಾಡಿಕೊಂಡರು. ಒಂದು, ಪಾಳಿ. ನಸುಕಿನ ಮೊದಲ ಪಾಳಿಗೆ ಧಾರವಾಡದಿಂದ ಹೋಗುವುದು ಕಷ್ಟ. ಕಾರ್ಖಾನೆಗೆ ಹತ್ತಿರದಲ್ಲೇ ಇರುವ, ಮಧ್ಯಾಹ್ನದ ನಂತರ ಹೊಲದ ಕೆಲಸ ಇಟ್ಟುಕೊಂಡಿರುವ ಸಹೋದ್ಯೋಗಿಯೊಬ್ಬರಿಗೆ ಮೊದಲ ಪಾಳಿಯೇ ಬೇಕಾಗಿತ್ತು. ಇಬ್ಬರೂ ಸೇರಿ ಅರ್ಜಿ ಬರೆದು ವ್ಯವಸ್ಥಾಪಕರಿಂದ ಲಿಖಿತ ಒಪ್ಪಿಗೆ ಪಡೆದರು. ಬಾಯಿಮಾತಿನ ಒಪ್ಪಿಗೆ ನಂಬಿ ಮನೆ ಬದಲಿಸಬಾರದು. ಮೇಲಧಿಕಾರಿ ಬದಲಾದ ದಿನ ಬಾಯಿಮಾತು ಇರುವುದಿಲ್ಲ.

ಎರಡನೆಯದು, ದಾರಿ. ದಿನವೂ ಪೂರ್ತಿ ಗಾಡಿಯಲ್ಲೇ ಹೋದರೆ ಎರಡೂ ಕಡೆ ಸೇರಿ ಸುಮಾರು 45 ಕಿ.ಮೀ. ಆಗುತ್ತದೆ. ತಿಂಗಳಿಗೆ 25 ದಿನವೆಂದರೆ 1,125 ಕಿ.ಮೀ.; ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ ಇಪ್ಪತ್ತೆರಡೂವರೆ ಲೀಟರ್ ಪೆಟ್ರೋಲ್, ಅಂದರೆ ಈಗಿನ ದರದಲ್ಲಿ 2,300 ರೂಪಾಯಿಯ ಆಸುಪಾಸು. ದುಡ್ಡಿಗಿಂತ ಬೆನ್ನು ಮತ್ತು ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆ ಅವರನ್ನು ಯೋಚನೆಗೆ ಹಚ್ಚಿತು. ಕೊನೆಗೆ ವಿದ್ಯಾನಗರದ ನಿಲ್ದಾಣಕ್ಕೆ ಹತ್ತಿರವಿರುವ ಸೋದರಮಾವನ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಯವರೆಗೆ ಚಿಗರಿ, ಅಲ್ಲಿಂದ ಗೋಕುಲ ರಸ್ತೆಯ ಮೇಲೆ ಗಾಡಿ ಎಂಬ ಏರ್ಪಾಡಾಯಿತು. ಬಸ್ಸು ಬದಲಿಸುವ ತೊಂದರೆ ಈಗ ಅವರಿಗೆ ಬಂತಲ್ಲ ಎಂದು ಕೇಳಬಹುದು. ಬಂದಿದೆ, ಆದರೆ ಅದು ಬೇರೆ ಬಗೆಯದು. ಚಿಗರಿ ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ, ಗಾಡಿ ಅಂಗಳದಲ್ಲಿ ಕಾಯುತ್ತಲೇ ಇರುತ್ತದೆ. ಐದು ನಿಮಿಷದ ತಡ ಅವರಿಗೆ ಹತ್ತು ಹನ್ನೆರಡು ನಿಮಿಷವಾಗಬಹುದು, ಅರ್ಧ ದಿನವಾಗುವುದಿಲ್ಲ. ಎರಡನೆಯ ಪಾಳಿಯಿಂದ ತಡವಾಗಿ ಹೊರಬಿದ್ದು ಕೊನೆಯ ಬಸ್ಸು ತಪ್ಪಿದ ರಾತ್ರಿ ಮಾವನ ಮನೆಯಲ್ಲೇ ಮಲಗುವುದೆಂದೂ, ಆ ಹೊತ್ತಿನಲ್ಲಿ ಗಾಡಿ ಓಡಿಸಿಕೊಂಡು ಧಾರವಾಡಕ್ಕೆ ಬರಕೂಡದೆಂದೂ ಪತ್ನಿ ಮೊದಲೇ ಮಾತು ತೆಗೆದುಕೊಂಡಿದ್ದಾರೆ.

ಮೇ ತಿಂಗಳಲ್ಲಿ ಮನೆ ಬದಲಿಸಿದರು. ಪತ್ನಿ ಈಗ ಎಂಟಕ್ಕೆ ಹತ್ತು ನಿಮಿಷವಿರುವಾಗ ಹೊರಡುತ್ತಾರೆ, ಸಂಜೆ ಆರೂವರೆಯೊಳಗೆ ಮನೆಯಲ್ಲಿರುತ್ತಾರೆ. ತಡವಾಗಿ ಬಂದುದಕ್ಕೆ ರಜೆ ಕಡಿತವಾಗಿಲ್ಲ. ಎರಡನೆಯ ಪಾಳಿಯ ವಾರ ಮಗಳನ್ನು ಶಾಲೆಗೆ ಬಿಡುವುದು ತಂದೆ, ಸಂಜೆ ಅಭ್ಯಾಸ ನೋಡುವುದು ತಾಯಿ. ಸಾಮಾನ್ಯ ಪಾಳಿಯ ವಾರ ತಂದೆ ಮನೆ ತಲುಪುವಾಗ ಏಳಾಗುತ್ತದೆ, ಮೊದಲು ಆರಕ್ಕೇ ಇರುತ್ತಿದ್ದರು. ಆ ಒಂದು ತಾಸು ಅವರಿಗೆ ಬೇಸರ ತಂದಿದೆ ಎಂಬುದನ್ನು ಅವರೇ ಹೇಳುತ್ತಾರೆ, ಮತ್ತು ಅದನ್ನು ಹೇಳಲು ಆ ಮನೆಯಲ್ಲಿ ಈಗ ಇಬ್ಬರಿಗೂ ಅವಕಾಶವಿದೆ.

ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಅದು ಏಪ್ರಿಲ್‌ನಲ್ಲಿ ಮುಗಿಯುವಂತೆ ಬೇಕೆಂದೇ ನೋಡಿಕೊಂಡಿದ್ದಾರೆ, ಬದಲಿಸಬೇಕಾಗಿ ಬಂದರೆ ಮಗಳ ಶಾಲೆಯ ವರ್ಷದ ನಡುವೆ ಬದಲಿಸುವಂತಾಗಬಾರದು ಎಂಬ ಕಾರಣಕ್ಕೆ. ಯಾವ ಸಂದರ್ಭದಲ್ಲಿ ಮತ್ತೆ ಲೆಕ್ಕಕ್ಕೆ ಕೂಡಬೇಕು ಎಂಬುದನ್ನೂ ಕರಾರಿನ ಪ್ರತಿಯ ಹಿಂದೆಯೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ: ಪತ್ನಿಯ ಕಂಪನಿಯ ಬಸ್ಸು ನವನಗರದವರೆಗೆ ಬರತೊಡಗಿದರೆ, ಪತಿಯ ಪಾಳಿಯ ಒಪ್ಪಿಗೆ ರದ್ದಾದರೆ, ಅಥವಾ ಅಗಲವಾದ ಬೈಪಾಸಿನಲ್ಲಿ ತಾರಿಹಾಳದ ಕಾರ್ಖಾನೆಗಳು ಧಾರವಾಡಕ್ಕೆ ಪಾಳಿಯ ಬಸ್ಸು ಬಿಟ್ಟರೆ.